ಹನ್ನೊಂದು ನಿಮಿಷದ ಮಂಗಳ

1987ರ ಜುಲೈ 28, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಕಡೂರು ಪೊಲೀಸ್ ಠಾಣೆಗೆ ದೂರೊಂದು ಬಂತು. ತಂದವನು ಷಣ್ಮುಖಪ್ಪ, ಬೆಂಗಳೂರಿನ ತುಂಬುರು ಆಡಿಯೋ ಎಂಬ ಕಂಪನಿಯ ಕ್ಯಾಸೆಟ್ಟುಗಳನ್ನು ಕಡೂರು, ತರೀಕೆರೆ ಸೀಮೆಗೆ ಹಂಚುವ ಏಜೆಂಟ್. ಸಬ್ ಇನ್‌ಸ್ಪೆಕ್ಟರ್ ಓಂಕಾರಮೂರ್ತಿಯ ಮೇಜಿನ ಮೇಲೆ ಎರಡು ಕ್ಯಾಸೆಟ್ಟು ಮಲಗಿಸಿ, ಹೆಣ ತೋರಿಸಲು ಬಂದವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಒಂದು ಅಸಲಿ. ಬಣ್ಣದ ಚಿತ್ರ, ಅದರ ಕೆಳಗೆ ‘ಬೇಡನ ಶಿವರಾತ್ರಿ, ಸಂಪೂರ್ಣ ಶಿವಕಥೆ, ಅರವತ್ತು ನಿಮಿಷ, ಕೀರ್ತನಕಾರರು ತರೀಕೆರೆ ನಂಜುಂಡಪ್ಪ’ ಎಂಬ ಅಚ್ಚು. ಇನ್ನೊಂದು ನಕಲಿ. ಖಾಲಿ ಕ್ಯಾಸೆಟ್ಟಿಗೆ ತುಂಬಿದ್ದು, ಮೇಲೆ ನೀಲಿ ಶಾಯಿಯ ದುಂಡಕ್ಷರ. ಸಿಂಗಟಗೆರೆಯ ಕಾಶಮ್ಮ ಎಂಬ ನೆಂಟರ ಮನೆಗೆ ಊಟಕ್ಕೆ ಹೋದಾಗ ಕಣ್ಣಿಗೆ ಬಿದ್ದಿತಂತೆ.

ಅಸಲಿಯನ್ನು ಕಂಡದ್ದೇ ಓಂಕಾರಮೂರ್ತಿಗೆ ಗುರುತು ಹತ್ತಿತು. ಹಿಂದಿನ ದಿನವಷ್ಟೇ ಶ್ರಾವಣದ ಮೊದಲ ಸೋಮವಾರ. ಅವನ ಹೆಂಡತಿ ಮಲ್ಲಿಕಾಂಬ ಉಪವಾಸವಿದ್ದು ಸಂಜೆ ಇದೇ ಕ್ಯಾಸೆಟ್ಟಿನ ಮುಂದೆ ದೀಪ ಹಚ್ಚಿ ಕೂತಿದ್ದಳು. ಅವಳ ಅತ್ತೆಯ ಕಾಲದಲ್ಲಿ ಕತೆ ಹೇಳುವವರೇ ಮನೆಗೆ ಬರುತ್ತಿದ್ದರು; ಈಗ ಟೇಪ್ ರೆಕಾರ್ಡರ್ ಬಂದಿದೆ. ಕಟ್ಟಳೆ ಮಾತ್ರ ಹಾಗೇ ಇದೆ: ಶಿವಕಥೆಗೆ ಕೂತವರು ಮಂಗಳ ಹಾಡುವ ತನಕ ಏಳಬಾರದು, ಬಾಯಿಗೆ ಏನನ್ನೂ ಹಾಕಬಾರದು. ಕತೆ ರಂಗೇರಿ, ಬೇಡ ಬಿಲ್ವದ ಮರದ ಮೇಲಿಂದ ಬಾಣ ಹೂಡಿದ. ಕೆಳಗಿದ್ದ ಹೆಣ್ಣುಜಿಂಕೆ, ಮರಿಗಳ ಮುಖ ನೋಡಿಕೊಂಡು ಬಂದುಬಿಡುತ್ತೇನೆ, ಬಿಡಪ್ಪಾ ಎಂದು ಬೇಡಿತು. ಅಷ್ಟರಲ್ಲಿ ಯಾವನೋ ಮೂಗು ಕಟ್ಟಿದ ದನಿಯವನು ನಡುವೆ ಬಾಯಿ ಹಾಕಿ, ಮುಂದಿನ ಭಾಗ ಎರಡನೇ ಕ್ಯಾಸೆಟ್ಟಿನಲ್ಲಿ ಎಂದುಬಿಟ್ಟ. ಆಮೇಲೆ ಹನ್ನೊಂದು ನಿಮಿಷ ಬರೀ ‘ಸುಯ್’. ಮಲ್ಲಿಕಾಂಬ ಆ ಸುಯ್ಯನ್ನೂ ಭಕ್ತಿಯಿಂದ ಕೇಳಿ, ಗುಂಡಿ ಟಪ್ಪೆಂದು ಮೇಲೆದ್ದ ಮೇಲೆ ಗಂಡನ ಕಡೆ ತಿರುಗಿದ್ದಳು.

‘ರೀ, ಜಿಂಕೆ ಏನಾಯ್ತು?’

ಕೊಲೆ, ದರೋಡೆ, ತೆಂಗಿನಕಾಯಿ ಕಳವು, ಯಾವುದನ್ನು ಕೇಳಿದ್ದರೂ ಅವನು ಉತ್ತರ ಹೇಳುತ್ತಿದ್ದ. ಜಿಂಕೆಯ ವಿಷಯ ಅವನ ಸರಹದ್ದಿನಲ್ಲಿರಲಿಲ್ಲ. ಆಕೆ ಒಂದು ಲೋಟ ನೀರು ಕುಡಿದು ಮಲಗಿದಳು.

ಈಗ ಅವನು ಷಣ್ಮುಖಪ್ಪನನ್ನು ಎರಡನೇ ಕ್ಯಾಸೆಟ್ ಎಲ್ಲಿ ಎಂದು ಕೇಳಿದ. ಅದು ಬಂದೇ ಇಲ್ಲವಂತೆ. ಎರಡನೇ ಭಾಗದ ರೆಕಾರ್ಡಿಂಗ್ ಏಪ್ರಿಲ್‌ಗೆ ನಿಗದಿಯಾಗಿತ್ತು, ಕೀರ್ತನಕಾರರು ಮಾರ್ಚಿನಲ್ಲೇ ತೀರಿಕೊಂಡರು.

‘ಮತ್ತೆ ಸಂಪೂರ್ಣ ಅಂತ ಅಚ್ಚು ಹಾಕಿದೀರಲ್ಲ?’

‘ಅದು ಡಿಸೈನ್ ಮಾಡೋರು ಹಾಕಿದ್ದು ಸಾರ್.’

ಕೊಂಡವರಿಗೂ ಒಂದು ಹೊಸ ಕಾಯಿದೆ ಬಂದಿದೆಯಲ್ಲ ಎಂದು ಓಂಕಾರಮೂರ್ತಿ ಗೊಣಗಿದ. ಗ್ರಾಹಕರ ಕಾಯಿದೆ ಬಂದಿದೆ, ಜಿಲ್ಲೆಗೆ ಅದರ ಕೋರ್ಟು ಇನ್ನೂ ಬಂದಿಲ್ಲ ಎಂದು ಷಣ್ಮುಖಪ್ಪ ಬಸ್ಸಿನ ವೇಳೆ ಹೇಳುವವನಂತೆ ತಿಳಿಸಿದ. ಅವನು ನೆಚ್ಚಿ ಬಂದ ಕೃತಿಸ್ವಾಮ್ಯದ ಕಾಯಿದೆಗೆ ಮಾತ್ರ ಠಾಣೆ, ಕೋರ್ಟು ಎಲ್ಲವೂ ಇತ್ತು. ಎಂಬತ್ತನಾಲ್ಕರ ತಿದ್ದುಪಡಿ, ಮೂರು ವರ್ಷದ ತನಕ ಸಜೆ. ಅದರ ಸುತ್ತೋಲೆ ಮೂರು ವರ್ಷದಿಂದ ಠಾಣೆಯಲ್ಲೇ ಇತ್ತು, ಇಂಕ್ ಪ್ಯಾಡಿನ ಅಡಿಯಲ್ಲಿ.

ಹೆಡ್ ಕಾನ್‌ಸ್ಟೇಬಲ್ ಲಕ್ಷ್ಮಣಪ್ಪ ಎಫ್‌ಐಆರ್ ಬರೆಯಲು ಕೂತು, ಕಳುವಾದ ಮಾಲು ಎಂಬ ಕಾಲಮ್ಮಿಗೆ ಬಂದು ಪೆನ್ನು ಎತ್ತಿದ.

‘ಏನು ಕಳುವಾಗೈತೆ ಅಂತ ಬರೀಲಿ ಸಾ? ಮಾಲು ಕಳ್ಕೊಂಡೋರ ಕೈಯಲ್ಲೇ ಐತಲ್ಲ.’

‘ಗೆರೆ ಎಳೀರಿ.’

‘ಉದ್ದುಕ್ಕಾ, ಅಡ್ಡಕ್ಕಾ?’

ಕೃತಿಸ್ವಾಮ್ಯ ಕಾಯಿದೆ ಕಲಂ 63ರ ಅಡಿ ಕ್ರೈಂ ನಂಬರ್ 94 ದಾಖಲಾಗುವ ಹೊತ್ತಿಗೆ ಹನ್ನೆರಡೂಕಾಲು.

ಠಾಣೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಎದುರಿನ ಹೋಟೆಲಿನ ಹಿಂದಿನ ಕೋಣೆಯಲ್ಲಿ ನಕಲಿಯನ್ನು ಹಾಕಿ ಕೇಳಿದರು. ನಲವತ್ತೊಂಬತ್ತು ನಿಮಿಷ ಕಂಪನಿಯದೇ ಪಡಿಯಚ್ಚು. ಆದರೆ ಮೂಗು ಕಟ್ಟಿದ ದನಿಯವನು ಬರಬೇಕಾದ ಕಡೆ ಬರಲಿಲ್ಲ. ಅದೇ ನಂಜುಂಡಪ್ಪನವರ ಧ್ವನಿ, ಅದೇ ತುಂಬುಗಂಟಲು, ಮುಂದುವರಿಯಿತು. ಜಿಂಕೆ ಮರಿಗಳಿಗೆ ಹಾಲು ಕುಡಿಸಿ, ಕೊಟ್ಟ ಮಾತಿಗೆ ವಾಪಸು ಬಂತು. ಬೇಡನ ಕೈಯಿಂದ ಬಿಲ್ಲು ಜಾರಿತು. ಕೊನೆಗೆ ಹಾರ್ಮೋನಿಯಂ ಏರಿ, ಸ್ವಲ್ಪ ಒಡಕಲು, ಕೀರಲು ಧ್ವನಿಯೊಂದು ಮಂಗಳ ಹಾಡಿತು. ಲಕ್ಷ್ಮಣಪ್ಪ ಟೋಪಿ ತೆಗೆದು ಎದ್ದು ನಿಂತಿದ್ದ.

‘ನಕಲಿ ಮಂಗಳಕ್ಕೆಲ್ಲ ಎದ್ದು ನಿಲ್ತೀರೇನ್ರೀ?’

‘ಮಂಗಳದಲ್ಲಿ ಅಸಲಿ ನಕಲಿ ಎಲ್ಲೈತೆ ಸಾ?’

ಕೊನೆಯ ಹನ್ನೊಂದು ನಿಮಿಷ ಕಂಪನಿಯದಲ್ಲ ಎಂದು ಷಣ್ಮುಖಪ್ಪ ಆಣೆ ಮಾಡಿದ. ಹಾಗಾದರೆ ಸತ್ತವರ ಗಂಟಲನ್ನು ಯಾರೋ ಎರವಲು ಪಡೆದಿದ್ದಾರೆ. ಮೊದಲು ಕಾಶಮ್ಮನನ್ನೇ ವಿಚಾರಿಸಲು ಸಿಂಗಟಗೆರೆಗೆ ಕಾನ್‌ಸ್ಟೇಬಲ್ ಹೋದ. ಸಂತೆಯಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟರು, ಮುಖ ನೆನಪಿಲ್ಲ ಎಂದು ಆಕೆ ಹೇಳಿ, ಮಜ್ಜಿಗೆ ಕೊಟ್ಟು ಕಳಿಸಿದಳು.

ಮನೆಯಲ್ಲಿ ಮಲ್ಲಿಕಾಂಬ, ಕತೆಯ ಕೊನೆ ಇರುವ ಕ್ಯಾಸೆಟ್ ನಿಮ್ಮ ಬೀರುವಿನಲ್ಲೇ ಇದೆಯಂತೆ, ಒಂದು ಸಲ ತನ್ನಿ ಎಂದಳು. ಅದು ಮುದ್ದೇಮಾಲು, ಕೋರ್ಟಿನ ಸ್ವತ್ತು, ಮನೆಗೆ ತರುವ ಹಾಗಿಲ್ಲ, ಬೇಕಾದರೆ ಕೊನೆಯನ್ನು ನಾನೇ ಹೇಳುತ್ತೇನೆ ಎಂದ. ಮಂಗಳವಿಲ್ಲದ ಕತೆ ತನಗೆ ಬೇಡವೆಂದು ಆಕೆ ಕಿವಿ ಮುಚ್ಚಿಕೊಂಡಳು.

‘ನಿಮ್ಮ ಮುದ್ದೇಮಾಲು ಬೀರುವಿನಲ್ಲೇ ಇರ್ಲಿ. ಬರೋ ಸೋಮವಾರ ಕತೆ ಮುಗಿಯೋ ಗಂಟ ನನ್ನ ಗಂಟಲಲ್ಲಿ ಮುದ್ದೆ ಇಳಿಯಲ್ಲ, ಅಷ್ಟೇ.’

ತನಿಖೆಗೆ ಗಡುವು ಬಿತ್ತು. ಎಸ್‌ಪಿ ಸಾಹೇಬರು ಕೂಡ ಇಷ್ಟು ಖಡಕ್ಕಾಗಿ ಹೇಳಿದವರಲ್ಲ.

ಜುಲೈ 30, ಗುರುವಾರ, ಹನ್ನೊಂದು ಗಂಟೆಗೆ ತರೀಕೆರೆ. ನಂಜುಂಡಪ್ಪನವರ ಹೆಂಡತಿ ಸುಲೋಚನಮ್ಮ ಚಾಪೆ ಹಾಸಿ ಕೂರಿಸಿದರು. ಹೋಟೆಲಿನಿಂದ ತಂದ ಟೇಪ್ ರೆಕಾರ್ಡರಿನಲ್ಲಿ ಕೊನೆಯ ಭಾಗವನ್ನು ಹಾಕಿದಾಗ ಆಕೆ ಸೆರಗನ್ನು ಬಾಯಿಗೊತ್ತಿಕೊಂಡರು. ಗಂಡನದೇ ಧ್ವನಿ ಎಂದು ಆಕೆಗೂ ಅನ್ನಿಸಿತು. ಮಂಗಳ ಶುರುವಾದಾಗ ಮಾತ್ರ ಸೆರಗು ಕೆಳಗಿಳಿಯಿತು, ತುಟಿಯಲ್ಲಿ ನಗುವಿನಂಥದ್ದು ಏನೋ ಬಂತು.

‘ಇದನ್ನೂ ಹಾಡಿದ್ದು ನಿಮ್ಮ ಯಜಮಾನರೇನಾ?’ ಓಂಕಾರಮೂರ್ತಿ ಕೇಳಿದ.

‘ಅವ್ರು ಮಂಗಳ ಯಾವತ್ತೂ ಹಾಡ್ಲಿಲ್ಲ ಸ್ವಾಮಿ. ಅವ್ರು ಆರತಿ ಎತ್ತೋರು. ಆರತಿ ಹಿಡಿದ ಕೈ ನಡುಗಬಾರದು ಅಂತ ಉಸಿರು ಕಟ್ಟಿರೋರು, ಹಾಡೋದೆಲ್ಲಿ ಬಂತು? ಇಪ್ಪತ್ತಾರು ವರ್ಷ ಅವ್ರ ಬೆನ್ನ ಹಿಂದೆ ಕೂತು ಮಂಗಳ ಹೇಳಿದ್ದು ಹಾರ್ಮೋನಿಯಂ ತೀರ್ಥಪ್ಪ. ಅಜ್ಜಂಪುರದೋರು.’

ಹೇಳಿದ ಮೇಲೆ ಆಕೆಯ ನಗು ನಿಂತಿತು. ಹೇಳಬಾರದ್ದನ್ನು ಹೇಳಿದೆನೇನೋ ಎಂದು ಒಮ್ಮೆ ಅವನನ್ನು, ಒಮ್ಮೆ ಲಕ್ಷ್ಮಣಪ್ಪನನ್ನು ನೋಡಿದರು. ಕಾಫಿ ತರುವ ನೆಪದಲ್ಲಿ ಒಳಗೆ ಎದ್ದು ಹೋದರು.

ಜೀಪಿನಲ್ಲಿ ಓಂಕಾರಮೂರ್ತಿಗೆ ಎಲ್ಲವೂ ಸರಳವಾಗಿ ಕಂಡಿತು, ಅದಕ್ಕೇ ಇನ್ನಷ್ಟು ರೇಗಿತು. ಕತೆಯನ್ನು ಗುರುವಿನ ಧ್ವನಿಯಲ್ಲಿ ಹೇಳಿದ ಮನುಷ್ಯ ಮಂಗಳಕ್ಕೆ ಬಂದಾಗ ಅಭ್ಯಾಸಬಲದಿಂದ ತನ್ನ ಗಂಟಲಿಗೆ ಹಿಂದಿರುಗಿದ್ದ. ಕೈಗವಸು ಹಾಕಿಕೊಂಡು ಬೀಗ ಒಡೆದ ಕಳ್ಳ, ಹೋಗುವಾಗ ಗವಸು ಬಿಚ್ಚಿ ದೇವರ ಮನೆಯ ಬಾಗಿಲು ಮುಟ್ಟಿ ನಮಸ್ಕರಿಸಿದ ಹಾಗೆ.

ಸರ್ಕಲ್ ಇನ್‌ಸ್ಪೆಕ್ಟರರ ಅಪ್ಪಣೆ, ಅಜ್ಜಂಪುರ ಠಾಣೆಗೆ ಪತ್ರ, ಜೀಪಿಗೆ ಡೀಸೆಲ್, ಇವು ಮೂರೂ ಒಟ್ಟಿಗೆ ಕೂಡಿಬರಲು ಆಗಸ್ಟ್ 3 ಆಯಿತು. ಸೋಮವಾರವೇ.

ಮಧ್ಯಾಹ್ನ ಮೂರೂಕಾಲಿಗೆ ಅಜ್ಜಂಪುರದ ರೈಲ್ವೆ ಸ್ಟೇಷನ್ ರಸ್ತೆ. ತೀರ್ಥಪ್ಪನದು ರೇಡಿಯೋ ರಿಪೇರಿ ಅಂಗಡಿ. ಐವತ್ತೆಂಟರ ಪ್ರಾಯ, ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ಸ್ಕ್ರೂಡ್ರೈವರ್. ಪಂಚರಾಗಿ ಪಕ್ಕದ ಕಾಯಿಮಂಡಿಯ ಬಸವರಾಜಪ್ಪನನ್ನೂ ಪೋಸ್ಟ್‌ಮ್ಯಾನ್ ಜವರಯ್ಯನನ್ನೂ ಕರೆಸಿದರು. ಜವರಯ್ಯನಿಗೆ ಸರ್ಕಾರದ ಮೇಲೆ ಹಳೆಯ ಮುನಿಸು.

‘ರೇಡಿಯೋ ಕೇಳಕ್ಕೂ ಲೈಸೆನ್ಸ್ ಅಂತ ವರ್ಷ ವರ್ಷ ಮನೆ ಮನೆ ಸುತ್ತಿ ಜನರ ಹತ್ರ ಬೈಸ್ಕೊಂಡೋನು ನಾನು. ಅದನ್ನ ತೆಗೆದ್ರು. ಈಗ ಟೇಪಿಗೆ ಹಚ್ಕೊಂಡ್ರಾ?’

ಮಹಜರು ಶುರುವಾಯಿತು. ಟೇಪ್ ರೆಕಾರ್ಡರ್ ಎರಡು. ಅವನ್ನು ಜೋಡಿಸುವ ವೈರು ಒಂದು. ಹಾರ್ಮೋನಿಯಂ ಒಂದು. ಮೇಜಿನ ಮೇಲೆ ‘ಬೇಡನ ಶಿವರಾತ್ರಿ’ ಐದು. ಓಂಕಾರಮೂರ್ತಿ ಒಂದನ್ನು ಎತ್ತಿ ನೋಡಿದ. ಅಸಲಿ. ಐದೂ ಅಸಲಿ. ಅಚ್ಚಾದ ಕ್ಯಾಸೆಟ್ಟಿನ ಮೇಲೆ ಬೇರೇನೂ ತುಂಬದಿರಲೆಂದು ಕಂಪನಿಯವರು ಅದರ ಬೆನ್ನಿನ ಚಿಕ್ಕ ಕಿವಿಯನ್ನು ಮುರಿದು ಕಳಿಸುತ್ತಾರೆ. ಆ ತೂತುಗಳಿಗೆ ತೀರ್ಥಪ್ಪ ಗಾಯದ ಪಟ್ಟಿ ಅಂಟಿಸಿದ್ದ.

ಹೆಸರು, ವಯಸ್ಸು, ವೃತ್ತಿ ಕೇಳಿ ಬರೆದುಕೊಂಡ ಮೇಲೆ ಓಂಕಾರಮೂರ್ತಿ, ನೀವು ಬೇರೆಯವರ ಧ್ವನಿ ಮಾಡುತ್ತೀರಂತೆ ನಿಜವೇ ಎಂದ. ತೀರ್ಥಪ್ಪ ಬಾಗಿಲ ಕಡೆ ಮುಖ ಮಾಡಿ, ಸಬ್ ಇನ್‌ಸ್ಪೆಕ್ಟರನ ಬೇಸತ್ತ ಗಂಟಲಲ್ಲೇ ಕರೆದ: ‘ಲಕ್ಷ್ಮಣಪ್ಪ, ಜೀಪ್ ತೆಗೀರಿ.’

‘ಬಂದೆ ಸಾ,’ ಎಂದು ಹೊರಗಿದ್ದ ಲಕ್ಷ್ಮಣಪ್ಪ ಓಡಿದ್ದು ಕೇಳಿಸಿತು. ಇಂಜಿನ್ನೂ ಶುರುವಾಯಿತು. ಬಸವರಾಜಪ್ಪ ನಗು ತಡೆಯಲಾರದೆ ಕೆಮ್ಮಿದ. ತನ್ನ ದನಿ ಇಷ್ಟು ರೇಜಿಗೆಯದೆಂದು ಓಂಕಾರಮೂರ್ತಿಗೆ ಅಂದೇ ಗೊತ್ತಾದದ್ದು.

ಆಮೇಲೆ ತೀರ್ಥಪ್ಪ ತಾನಾಗಿಯೇ ಹೇಳಿದ. ರೆಕಾರ್ಡಿಂಗಿಗೆ ಬೆಂಗಳೂರಿಗೆ ಹೋಗುವಾಗ ಕಂಪನಿಯವರು ಇವನ ಗಂಟಲು ಒಡಕಲೆಂದು ಬಿಟ್ಟು ಗುರು ನಂಜುಂಡಪ್ಪನವರನ್ನು ಮಾತ್ರ ಕರೆದುಕೊಂಡು ಹೋದರು. ಅದಕ್ಕೆ ಬೇಸರವಿರಲಿಲ್ಲ, ಒಡಕಲು ನಿಜವೇ. ಆದರೆ ನಲವತ್ತೊಂಬತ್ತನೇ ನಿಮಿಷಕ್ಕೆ ಅವರನ್ನು ನಿಲ್ಲಿಸಿ, ಉಳಿದದ್ದು ಇನ್ನೊಂದು ಕ್ಯಾಸೆಟ್ಟಿಗೆ ಇರಲಿ ಎಂದುಬಿಟ್ಟರಂತೆ. ಜೀವಮಾನದಲ್ಲಿ ಮೊದಲ ಸಲ ಮಂಗಳ ಆಗದೆ ಎದ್ದು ಬಂದೆ ತೀರ್ಥಪ್ಪ ಎಂದು ಗುರು ಬಂದವರೇ ಇದೇ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ಐದು ವಾರಕ್ಕೆ ತೀರಿಕೊಂಡರು. ಶ್ರಾವಣ ಹತ್ತಿರವಾಗಿ ಹೆಂಗಸರು ಕ್ಯಾಸೆಟ್ ಕೊಂಡು ಹಚ್ಚತೊಡಗಿದಾಗ ಒಬ್ಬೊಬ್ಬರೇ ಇಲ್ಲಿಗೆ ಬಂದರು. ಟೇಪ್ ಕೆಟ್ಟಿದೆ, ಕತೆ ಮುಗಿಯುತ್ತಿಲ್ಲ, ಸರಿ ಮಾಡಿಕೊಡಿ ಎಂದು.

‘ಟೇಪ್ ಸರಿಯಾಗೇ ಇತ್ತು. ಹನ್ನೊಂದು ನಿಮಿಷ ಖಾಲಿ ಬಿಟ್ಟಿದ್ರು. ಅವ್ರು ಬಿಟ್ಟ ಜಾಗದಲ್ಲೇ ತುಂಬ್ಕೊಟ್ಟೆ. ಯಾರ ಹತ್ರಾನೂ ಏನೂ ಇಸ್ಕೊಳ್ಳಲಿಲ್ಲ.’

ಓಂಕಾರಮೂರ್ತಿ ಸುತ್ತೋಲೆಯನ್ನು ತೆಗೆದು ಎರಡು ಸಲ ಓದಿದ. ಕತೆ ಪುರಾಣದ್ದು, ಯಾರ ಆಸ್ತಿಯೂ ಅಲ್ಲ. ಕ್ಯಾಸೆಟ್ ಕೊಂಡವರದ್ದು. ಕೊಂಡವರೇ ತಂದುಕೊಟ್ಟಿದ್ದಾರೆ. ಒಂದು ಪ್ರತಿಯೂ ಹೆಚ್ಚಾಗಿಲ್ಲ. ಇದರಲ್ಲಿ ಯಾವ ಕಲಂ ಹಾಕುವುದು? ಉಳಿದದ್ದು ಸಿಂಗಟಗೆರೆಯ ಆ ಒಂದು ನೀಲಿ ಶಾಯಿಯ ಪೂರ್ತಿ ನಕಲು. ಅದನ್ನು ತುಂಬಿದವರು ಯಾರೆಂದು ಕಣ್ಣಾರೆ ಕಂಡ ಸಾಕ್ಷಿ ಒಂದೂ ಇಲ್ಲ.

‘ತೀರ್ಥಪ್ಪೋರೇ, ಸಿಂಗಟಗೆರೇಲಿ ಸಿಕ್ಕಿದ್ದು ಬೇರೆ ಥರದ್ದು. ಖಾಲಿ ಕ್ಯಾಸೆಟ್ಟಿಗೆ ಇಡೀ ಕತೆ ಇಳಿಸಿದ್ದು. ಅದು ನಿಮ್ಮದಾ? ನಿಧಾನವಾಗಿ ಯೋಚಿಸಿ ಹೇಳಿ.’

ಬಸವರಾಜಪ್ಪ ಚಾವಣಿ ನೋಡಿದ. ಜವರಯ್ಯ ಇಲ್ಲ ಎನ್ನುವಂತೆ ತಲೆಯಾಡಿಸಿದ.

‘ನಂದೇ ಸ್ವಾಮಿ. ಕ್ಯಾಸೆಟ್ ಅಂಗಡೀಲಿ ಕಂಪನೀದು ಮುಗಿದಿತ್ತಂತೆ, ಆಯಮ್ಮ ಖಾಲೀದು ತಂದಿದ್ರು. ಅಂಥವು ಏಳೆಂಟು ಮಾಡಿದೀನಿ.’

‘ಯೋಚಿಸಿ ಅಂದೆನಲ್ರೀ.’

‘ಯೋಚ್ನೆ ಮಾಡ್ದೆ. ಅದರಲ್ಲಿ ಕತೆ ಗುರುಗಳ ಗಂಟಲಲ್ಲಿದೆ, ಮಂಗಳ ನನ್ನ ಗಂಟಲಲ್ಲಿದೆ. ನಂದಲ್ಲ ಅಂದ್ರೆ ಅಷ್ಟು ಮನೇಲಿ ಆದ ಮಂಗಳ ಸುಳ್ಳಾಗಲ್ವಾ?’

ಬೇಡನಿಗೆ ಬಿಲ್ಲು ಕೆಳಗಿಡುವ ಸ್ವಾತಂತ್ರ್ಯವಿತ್ತು. ಅವನು ಯಾರಿಗೂ ಡೈರಿ ಒಪ್ಪಿಸಬೇಕಾಗಿರಲಿಲ್ಲ. ಓಂಕಾರಮೂರ್ತಿ ಪಂಚರ ಸಹಿ ಹಾಕಿಸಿದ. ದಸ್ತಗಿರಿ, ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ.

ಕಡೂರಿಗೆ ಬಂದಾಗ ಏಳು. ಷಣ್ಮುಖಪ್ಪ ಮೊದಲೇ ಬಂದು ಕಾಯುತ್ತಿದ್ದ, ಮುಖದ ತುಂಬ ಹಬ್ಬ. ಓಂಕಾರಮೂರ್ತಿ ಅವನನ್ನು ಕೂರಿಸಿ, ಸುತ್ತೋಲೆಯ ಎರಡನೇ ಪುಟವನ್ನು ತೋರಿಸಿದ. ಅಚ್ಚಾದ ಪ್ರತಿ ಕ್ಯಾಸೆಟ್ಟಿನ ಮೇಲೂ ತಯಾರಿಸಿದವರ ಹೆಸರು, ವಿಳಾಸ, ಹೊರಬಂದ ವರ್ಷ ಇರಲೇಬೇಕು. ಇಲ್ಲದಿದ್ದರೆ ಅದಕ್ಕೂ ಸಜೆ. ನಿಮ್ಮ ಅಸಲಿಯಲ್ಲಿ ವರ್ಷ ಎಲ್ಲಿದೆ ಎಂದು ಕೇಳಿದ.

‘ಅದು ಡಿಸೈನ್ ಮಾಡೋರು—’

‘ಅವರ ಹೆಸರೂ ಹೇಳಿ. ಲಕ್ಷ್ಮಣಪ್ಪ, ಬರ್ಕೊಳ್ಳಿ. ಕ್ರೈಂ ನಂಬರ್ 97.’

ಠಾಣೆಯ ಹಿಂದೆಯೇ ಓಂಕಾರಮೂರ್ತಿಯ ಕ್ವಾರ್ಟರ್ಸ್. ಲಾಕಪ್ಪಿನ ಕಿಟಕಿಗೂ ಅದರ ಹಿತ್ತಲ ಮೆಟ್ಟಿಲಿಗೂ ನಡುವೆ ಒಂದು ತುಳಸಿಕಟ್ಟೆ. ಮಲ್ಲಿಕಾಂಬ ಬೆಳಗಿನಿಂದ ಉಪವಾಸವಿದ್ದವಳು ಅಲ್ಲಿ ದೀಪವಿಟ್ಟು, ಮೆಟ್ಟಿಲ ಮೇಲೆ ಬಂದು ಕೂತಳು. ಗಂಡನ ಅಪ್ಪಣೆಗೆ ಕಾಯಲಿಲ್ಲ. ಕಿಟಕಿಯ ಕಡೆಗೆ, ತವರಿನ ಹಿರಿಯರನ್ನು ಕೇಳುವ ಹಾಗೆ ಕೇಳಿದಳು.

‘ಅಣ್ಣಾ, ಜಿಂಕೆ ವಾಪಸು ಬಂತಾ?’

ಒಳಗೆ ತೀರ್ಥಪ್ಪ ಗಂಟಲು ಸರಿಮಾಡಿಕೊಂಡ. ಆಮೇಲೆ ಕತ್ತಲ ಕೋಣೆಯಿಂದ ನಂಜುಂಡಪ್ಪನವರು ಮಾತಾಡಿದರು.

ಓಂಕಾರಮೂರ್ತಿ ಠಾಣೆಯಲ್ಲಿ ಮೇಜಿನ ಮುಂದೆ ಕೂತಿದ್ದ. ಬೆಳಿಗ್ಗೆ ಕೋರ್ಟಿಗೆ ಒಪ್ಪಿಸಬೇಕಾದ ವರದಿಯಲ್ಲಿ ಒಂದೇ ಕಾಲಮ್ಮು ಉಳಿದಿತ್ತು: ಕೃತ್ಯದ ಉದ್ದೇಶ. ಲಕ್ಷ್ಮಣಪ್ಪ ರೂಢಿಯಂತೆ ‘ದುರ್ಲಾಭ’ ಎಂದು ಬರೆದಿದ್ದ. ಓಂಕಾರಮೂರ್ತಿ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ‘ಅರ್ಧಕ್ಕೆ ನಿಂತಿದ್ದ ಕತೆಯನ್ನು ಮುಗಿಸುವ ಸಲುವಾಗಿ’ ಎಂದು ಬರೆದ.

ಅಷ್ಟರಲ್ಲಿ ಹಿಂದಿನ ಕಿಟಕಿಯಲ್ಲಿ ಧ್ವನಿ ಬದಲಾಯಿತು. ಒಡಕಲು ಗಂಟಲು ಮಂಗಳ ಎತ್ತಿಕೊಂಡಿತು. ಲಕ್ಷ್ಮಣಪ್ಪ ಟೋಪಿ ತೆಗೆದು ಸಾಹೇಬರ ಮುಖ ನೋಡಿದ. ಸಾಹೇಬರು ಆಗಲೇ ಎದ್ದು ನಿಂತಿದ್ದರು.