ನಿದ್ದೆಗೆ ಕಟ್ಟಿದ ಹರಕೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಈ ಕಣಿವೆಯಲ್ಲಿ ಒಬ್ಬ ದಂಡಾಳು ಇದ್ದನಂತೆ. ರಾಜನ ಯುದ್ಧ ಮುಗಿಸಿ ಮನೆಗೆ ಬಂದ, ನಿದ್ದೆಯನ್ನು ಮಾತ್ರ ರಣರಂಗದಲ್ಲೇ ಬಿಟ್ಟು ಬಂದ. ಅವನ ತಂಗಿ, ದೇವರಿಗೆಂದು ಬಿಟ್ಟ ದನಗಳಿರುವ ದೇವರ ದನದ ದೊಡ್ಡಿಗೆ ಹೋಗಿ, ಅಣ್ಣನಿಗೆ ನಿದ್ದೆ ಬಂದರೆ ಮನೆಯ ಚೊಚ್ಚಲ ಕರುವನ್ನು ಇಲ್ಲಿಗೆ ಬಿಡುತ್ತೇನೆಂದು ಹರಕೆ ಹೊತ್ತಳು. ಹರಕೆ ತೀರುವ ತನಕ ಆ ಹಸುವಿನ ಹಾಲು ಒಂದು ತೊಟ್ಟೂ ಹೊಸಿಲು ದಾಟಲಿಲ್ಲ. ಮುತ್ತುಸೆಲ್ವಿಯ ಅಜ್ಜಿ ಈ ಕತೆಯನ್ನು ಮನೆಮಾತಾದ ಕನ್ನಡದಲ್ಲಿ ಎಷ್ಟೋ ಸಲ ಹೇಳಿದ್ದಳು. ಕೊನೆಗೆ ಏನಾಯಿತೆಂಬುದು ಮುತ್ತುಸೆಲ್ವಿಗೆ ತಿಳಿಯದು. ಅಷ್ಟರಲ್ಲಿ ಅವಳಿಗೇ ನಿದ್ದೆ ಬಂದಿರುತ್ತಿತ್ತು.

ಈಗ ಅವಳು ತಮಿಳು ಸೀಮೆಯ ಕೊಂಬೈ ಪೊಲೀಸ್ ಠಾಣೆಯ ಇನ್ಸ್‌ಪೆಕ್ಟರ್. ವಯಸ್ಸು ಮೂವತ್ತೆಂಟು. ಕನ್ನಡ ಕಿವಿಗೆ ಅರ್ಥವಾಗುತ್ತದೆ, ನಾಲಿಗೆಗೆ ತಮಿಳೇ ಸಲೀಸು.

2025ರ ನವೆಂಬರ್ 11, ಮಂಗಳವಾರ ಬೆಳಿಗ್ಗೆ 9.40ಕ್ಕೆ ದೂರು ಬಂತು. ತಂದವರು ಊರ ಹೊರಗಿನ ಮನೋಚಿಕಿತ್ಸಾ ಆಸ್ಪತ್ರೆಯ ಡಾಕ್ಟರ್ ಜೆಯಕುಮಾರ್. ಯುದ್ಧಭೂಮಿಯ ಆಘಾತದಿಂದ ನರಳುವ ಮಾಜಿ ಸೈನಿಕರಿಗೆ ಅಲ್ಲಿ ಒಂದು ಔಷಧಿ ಪರೀಕ್ಷೆ ನಡೆಯುತ್ತಿತ್ತು. ಎಂ.ಡಿ.ಎಂ.ಎ. ಎಂಬ ಆ ಔಷಧಿ ಹೊರಗೆ ಸಿಕ್ಕರೆ ಮಾದಕವಸ್ತು. ಆಸ್ಪತ್ರೆಯೊಳಗೆ ಅದನ್ನು ಕೊಟ್ಟು, ಇಬ್ಬರು ಚಿಕಿತ್ಸಕರು ಎಂಟು ಗಂಟೆ ರೋಗಿಯ ಪಕ್ಕದಲ್ಲೇ ಕೂತು ಅವನ ಮಾತು ಕೇಳುತ್ತಾರೆ. ಬೀಗ, ಅದರ ಮೇಲೆ ಮೊಹರು ಎರಡೂ ಇದ್ದರೂ, ಆ ದಿನ ಕೊಡಬೇಕಿದ್ದ ಹನ್ನೊಂದನೇ ನಂಬರಿನ ಸೀಸೆ ಖಾಲಿಯಾಗಿತ್ತು.

"ಎಷ್ಟು ಗುಳಿಗೆ?"

"ಒಂದೇ."

"ಒಂದೇ ಗುಳಿಗೆಗೆ ಡಬಲ್ ಪೂಟಾ, ಡಬಲ್ ಬೀಗವಾ ಸಾರ್?" ಹೆಡ್ ಕಾನ್‌ಸ್ಟೇಬಲ್ ಪಾಂಡಿಯರಾಜನ್ ಬರೆಯುವುದನ್ನು ನಿಲ್ಲಿಸಿದ. "ನಮ್ಮ ಮನೆಯವಳ ಒಡವೆಗೇ ಸಿಂಗಲ್ ಪೂಟು."

ಡಾಕ್ಟರ್ ನಗಲಿಲ್ಲ. "ಅದು ಹಳೇ ಭಯದ ಬಾಗಿಲು ತೆಗೆಯುತ್ತೆ ಮೇಡಮ್. ಬಾಗಿಲ ಹತ್ತಿರ ಕೂರೋಕೆ ಬಲ್ಲವರು ಬೇಕು. ಯಾರಾದರೂ ಮನೆಯಲ್ಲಿ ನುಂಗಿದರೆ ಏನಾಗುತ್ತೋ ಹೇಳೋಕಾಗಲ್ಲ. ಕಳ್ಳ ಆಮೇಲೆ ಸಿಗಲಿ, ಗುಳಿಗೆ ಮೊದಲು ಸಿಗಬೇಕು."

"ಯಾರ ಸೀಸೆ ಅದು?"

"ಚಿನ್ನತಂಬಿ ಅಂತ, ಸೈನ್ಯದ ರಿಟೈರ್ಡ್ ನಾಯಕ್. ಅರ್ಧ ಜನಕ್ಕೆ ನಿಜವಾದ ಔಷಧಿ, ಅರ್ಧ ಜನಕ್ಕೆ ಬರೀ ಪಿಷ್ಟ ತುಂಬಿದ್ದು. ಯಾವ ನಂಬರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ. ಗೊತ್ತಿರಕೂಡದು, ಅದೇ ನಿಯಮ."

ಎಫ್‌ಐಆರ್ ಸಂಖ್ಯೆ 214/2025 ದಾಖಲಾಯಿತು. 10.30ಕ್ಕೆ ಸ್ಥಳ ಪಂಚನಾಮೆ. ಹಿಂದಿನ ಸಂಜೆ ನಾಲ್ಕಕ್ಕೆ ಸೀಸೆಯನ್ನು ದೊಡ್ಡ ಕಪಾಟಿನಿಂದ ತೆಗೆದು, ಚಿಕಿತ್ಸೆಯ ಕೋಣೆಯ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮೇಲೆ ಕಾಗದದ ಮೊಹರು ಅಂಟಿಸಿದ್ದರು. ಬೀಗ ಮುರಿದಿರಲಿಲ್ಲ. ಮೊಹರನ್ನು ಹಬೆ ಹಿಡಿದು ಬಿಡಿಸಿ ಮತ್ತೆ ಅಂಟಿಸಲಾಗಿತ್ತು. ಮುತ್ತುಸೆಲ್ವಿ ಅದರ ಅಂಚನ್ನು ಬೆರಳಿನಿಂದ ಸವರಿದಳು. ಅಂಟಾಗಿ ಬಳಸಿ ಒಣಗಿದ ಅನ್ನದ ಅಗುಳು.

"ಇಲ್ಲಿ ಊಟ ಎಲ್ಲಿಂದ?"

"ಕ್ಯಾಂಟೀನಿಂದ. ಚಪಾತಿ. ಅನ್ನ ಮನೆಯಿಂದ ತರೋದು ಆಯಾ ಅಮುದಾ ಒಬ್ಬಳೇ," ಎಂದಳು ನರ್ಸ್ ತಮಿಳರಸಿ. ಪೆಟ್ಟಿಗೆಯ ಬೀಗದ ಕೈ ಇದ್ದುದು ಅವಳ ಬಳಿ. "ಕೋಣೆ ಒರೆಸುವಾಗ ಕೀಗೊಂಚಲು ಅವಳಿಗೆ ಕೊಡ್ತೀನಿ. ಆರು ವರ್ಷದಿಂದ ಒಂದು ಹತ್ತಿ ಉಂಡೆ ಕಳೆದಿಲ್ಲ ಮೇಡಮ್."

ಅಮುದಾಗೆ ಮೂವತ್ತು ದಾಟಿತ್ತು. ನೆಲ ಒರೆಸುವ ಬಟ್ಟೆಯನ್ನು ಹಿಂಡಿ, ಕೈ ಒರೆಸಿಕೊಂಡು ಬಂದು ನಿಂತಳು.

"ಮೊಹರು ಬಿಡಿಸಿದ್ದು ನೀನಾ?"

"ಇಲ್ಲೀಂಗ."

"ಮನೇಲಿ ಯಾರಿದಾರೆ?"

"ಅಣ್ಣ. ಬಾಲಮುರುಗನ್. ಮಿಲಿಟರೀಲಿ ಇದ್ದವ." ಸ್ವಲ್ಪ ತಡೆದು ಹೇಳಿದಳು. "ಅವನ್ನೂ ಇಲ್ಲಿ ಸೇರಿಸಿಕೊಳ್ಳಿ ಅಂತ ಕೇಳಿದ್ದೆ. ಕೆಲಸದವರ ಮನೆಯೋರನ್ನ ತಕ್ಕೊಳ್ಳಲ್ಲ ಅಂದ್ರು."

ಡಾಕ್ಟರ್ ತಲೆ ತಗ್ಗಿಸಿದರು. ಅದೂ ನಿಯಮವೇ.

ಮಧ್ಯಾಹ್ನ 12.50ಕ್ಕೆ, ಇಬ್ಬರು ಪಂಚರ ಸಮ್ಮುಖದಲ್ಲಿ, ಅವಳ ಮನೆಯ ಶೋಧ. ದ್ರಾಕ್ಷಿ ತೋಟದ ಅಂಚಿನ ಎರಡು ಕೋಣೆಯ ಮನೆ. ಅಂಗಳದಲ್ಲಿ ಕೆಂದ ಹಸು, ಅದರ ಹತ್ತಿರ ಕೊರಳಿಗೆ ಹಳದಿ ಬಟ್ಟೆಯ ಗಂಟು ಕಟ್ಟಿದ ಕರು. ಬಾಲಮುರುಗನ್ ಒಳಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲನ್ನೇ ನೋಡುತ್ತ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನೆಟ್ಟಗೆ ನಿಂತ.

"ಕೂತ್ಕೊಳ್ಳಿ ಅಣ್ಣಾಚ್ಚಿ," ಎಂದ ಪಾಂಡಿಯರಾಜನ್.

"ಕೂತ್ರೂ ಒಂದೇ, ನಿಂತ್ರೂ ಒಂದೇ. ನಾಕ್ ವರುಸ ಆಯ್ತು ಮನಗಿ. ನಿಮ್ಮ ಠಾಣೇಲಿ ರಾತ್ರಿ ಕಾವಲು ಪಾರಾ ಮಾಡೋಕೆ ಆಳು ಬೇಕಾದ್ರೆ ನನ್ನ ಕರೀರಿ, ಸಂಬಳ ಬ್ಯಾಡ." ಅವನು ನಕ್ಕ. ನಗು ಕಣ್ಣಿನ ತನಕ ಹೋಗಲಿಲ್ಲ.

ಅಕ್ಕಿಯ ಡಬ್ಬಿ, ಹಾಸಿಗೆ, ದೇವರ ಗೂಡು, ಹುಲ್ಲಿನ ಮೆದೆ ಎಲ್ಲ ನೋಡಿದ್ದಾಯಿತು. ಏನೂ ಸಿಗಲಿಲ್ಲ. ಅಮುದಾ ಎಲ್ಲರಿಗೂ ಚಹಾ ಕೊಟ್ಟಳು. ಒಲೆಯ ಪಕ್ಕ ಕತ್ತರಿಸಿದ ಹಾಲಿನ ಪ್ಯಾಕೆಟ್ ಬಿದ್ದಿತ್ತು.

"ಹಸು ಕಟ್ಟಿಕೊಂಡು ಪ್ಯಾಕೆಟ್ ಹಾಲು ತರ್ತೀಯಲ್ಲಮ್ಮ," ಎಂದ ಪಾಂಡಿಯರಾಜನ್.

"ಕರು ಕುಡೀಲಿ ಅಂತ ಬಿಟ್ಟೀವ್ನಿ."

ಮುತ್ತುಸೆಲ್ವಿಗೆ ಒಳಗೆಲ್ಲೋ ಏನೋ ತಟ್ಟಿತು, ಜಾರಿಹೋಯಿತು. ಪಂಚನಾಮೆಗೆ ಸಹಿ ಹಾಕಿಸಿದಳು. ಆಸ್ಪತ್ರೆಯಲ್ಲಿ ಕೋಣೆ ಒರೆಸುವ ಇನ್ನೊಬ್ಬ ಹೆಂಗಸು ರಜೆ ಹಾಕಿ ದೂರದ ವೇದಸಂದೂರಿಗೆ ಹೋಗಿದ್ದಳು. ಅವಳನ್ನು ಹುಡುಕಿ, ವಿಚಾರಿಸಿ ಬರುವಷ್ಟರಲ್ಲಿ ಸಂಜೆ ಏಳಾಯಿತು. ಅವಳ ಬಳಿಯೂ ಇರಲಿಲ್ಲ.

ಬುಧವಾರ ಬೆಳಿಗ್ಗೆ 6.10. ಮುತ್ತುಸೆಲ್ವಿ ತನ್ನ ಮನೆಯ ಅಡುಗೆಕೋಣೆಯಲ್ಲಿ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತಿದ್ದಳು. ಕತ್ತರಿ ಹಾಗೇ ನಿಂತಿತು. ಒಂದು ತೊಟ್ಟೂ ಹೊಸಿಲು ದಾಟಲಿಲ್ಲ, ಎಂದು ಅಜ್ಜಿ ಹೇಳುವಾಗ ಬೆರಳೆತ್ತಿ ತೋರಿಸುತ್ತಿದ್ದಳು. ಕೊರಳಿನ ಹಳದಿ ಗಂಟು ಅಲಂಕಾರವಲ್ಲ. ಹರಕೆಯ ಕರುವನ್ನು, ಅದರ ಗಂಟನ್ನು, ಹರಕೆ ಹೊತ್ತವರ ಹೊರತು ಯಾರೂ ಮುಟ್ಟುವುದಿಲ್ಲ. ಪಂಚರು ಇಬ್ಬರೂ ಆ ಊರಿನವರು. ಅವರೂ ಮುಟ್ಟಿರಲಿಲ್ಲ.

"ಪಾಂಡಿ, ಜೀಪು ತಾ. ಗುಳಿಗೆ ಕರುವಿನ ಕೊರಳಲ್ಲಿತ್ತು," ಎಂದಳು ಫೋನಿನಲ್ಲಿ.

6.50ಕ್ಕೆ ತಲುಪಿದಾಗ ತೋಟದ ಬಾವಿಯ ಸುತ್ತ ಜನ ನಿಂತಿದ್ದರು. ಬಾಲಮುರುಗನ್‌ನನ್ನು ಆಗಲೇ ಮೇಲೆತ್ತಿ ಮಲಗಿಸಿದ್ದರು. ಅಮುದಾ ಅವನ ತಲೆಯ ಬಳಿ ಕೂತು, ಸೆರಗಿನಿಂದ ಮುಖದ ನೀರು ಒರೆಸುತ್ತಿದ್ದಳು. ಅಳುತ್ತಿರಲಿಲ್ಲ.

ಮರಣದ ವಿಚಾರಣೆಯ ಕಾಗದಗಳು ತಯಾರಾದವು. ಶವವನ್ನು ಮರಣೋತ್ತರ ಪರೀಕ್ಷೆಗೆ ತೇನಿಯ ದೊಡ್ಡಾಸ್ಪತ್ರೆಗೆ ಕಳಿಸಲಾಯಿತು. ಕರುವಿನ ಕೊರಳಿನ ಗಂಟನ್ನು ಅಮುದಾ ಬಿಚ್ಚಲಿಲ್ಲ, ಸಡಿಲಿಸಿ ಒಳಗಿನದನ್ನು ತೋರಿಸಿದಳು. ಆಸ್ಪತ್ರೆಯ ಸೀಸೆಯೊಳಗಿನ ಹತ್ತಿಯ ತುಣುಕು ಇತ್ತು. ಅದನ್ನು ಜಪ್ತಿ ಮಾಡಲಾಯಿತು. 10.15ಕ್ಕೆ ಠಾಣೆಯಲ್ಲಿ ವಿಚಾರಣೆ ಶುರುವಾಯಿತು. ಮುತ್ತುಸೆಲ್ವಿ ತಮಿಳಿನಲ್ಲಿ ಕೇಳಿದಳು. ಅಮುದಾ ಮೊದಲು ತಮಿಳಿನಲ್ಲಿ, ಆಮೇಲೆ ಗೊತ್ತಿಲ್ಲದೆ ಮನೆಮಾತಿನಲ್ಲಿ ಉತ್ತರಿಸಿದಳು.

"ಯಾವಾಗ ತೆಗೆದೆ?"

"ಸೋಮವಾರ ಸಂಜೆ, ಐದಕ್ಕೆ. ಹರಕೆ ಕಟ್ಟಿದ್ದು ಬೆಳಗ್ಗೇನೆ."

"ಯಾಕೆ ಹನ್ನೊಂದನ್ನೇ?"

"ಚಿನ್ನತಂಬಿ ಅಣ್ಣನ್ನ ನೋಡಿಲ್ವಾ ನೀವು? ಬರೋವಾಗ ಎರಡಾಳು ಹಿಡ್ಕೊಂಡು ಬಂದ್ರು. ಎರಡು ಸಲ ಕೊಟ್ಟ ಮ್ಯಾಲೆ ಹಾಡು ಹೇಳ್ತಾ ಹೋದ. ಕೋಣೆಯಾಚೆ ಗೊರಕೆ ಕೇಳ್ತಿತ್ತು ನಂಗೆ. ಅವನ ಸೀಸೇಲಿ ನಿಜವಾದ ಮದ್ದು ಅದೆ ಅಂತ ಗೊತ್ತಾಯ್ತು. ಡಾಕ್ಟರಿಗೇ ಗೊತ್ತಿರಲಿಲ್ಲ, ನಂಗೆ ಗೊತ್ತಿತ್ತು."

"ಅಣ್ಣನಿಗೆ ಯಾವಾಗ ಕೊಟ್ಟೆ?"

"ನೀವು ಹೋದ ಮ್ಯಾಲೆ, ಮೂರಕ್ಕೆ. ಅಲ್ಲಿ ಮಾಡೋ ಹಂಗೇನೆ ಮಾಡ್ದೆ. ಕಣ್ಣಿಗೆ ಬಟ್ಟೆ ಕಟ್ದೆ. ಪಕ್ಕ ಕೂತೆ. ಯೋಳಣ್ಣ, ಅಲ್ಲಿ ಏನಾಯ್ತು, ಅಂತ ಕೇಳ್ದೆ."

"ಹೇಳಿದನಾ?"

"ಯೋಳಿದ. ಹಿಮದ ಮ್ಯಾಲೆ ಕಾವಲಂತೆ. ಇವನಿಗೆ ಚಳಿಜ್ವರ. ನನ್ನ ಸರದಿ ನೀ ನಿಲ್ಲು ಅಂತ ಗೆಳೆಯಂಗೆ ಅಂದ. ಅವ ನಿಂತ. ಬೆಳಗ್ಗೆ ಹಿಮ ಜಾರ್ತು, ಅವ ಹಿಮದ ಕೆಳಗೆ. ಒಂಬತ್ತು ದಿನ ಅಗೆದ್ರಂತೆ. ಇಷ್ಟು ದಿನ ಯಾರಿಗೂ ಯೋಳಿರಲಿಲ್ಲ. ಅತ್ತ, ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತ. ಆಮ್ಯಾಲೆ ಸುಮ್ಮಗಾದ. ಮನಗಿದ ಅಂದ್ಕೊಂಡೆ. ನಂಗೂ ಕಣ್ಣು ಮುಚ್ಚೋಯ್ತು. ಬೆಳಗ್ಗೆ ಚಾಪೆ ಖಾಲಿ."

ಪಾಂಡಿಯರಾಜನ್‌ನ ಪೆನ್ನು ನಿಂತಿತ್ತು. ಮುತ್ತುಸೆಲ್ವಿ ಅವನ ಕಡೆ ನೋಡಿದಳು. ಅವನು ಮತ್ತೆ ಬರೆದ.

ಮಧ್ಯಾಹ್ನ 1.20ಕ್ಕೆ, ಕೆಲಸದಾಳಾಗಿ ಮಾಡಿದ ಕಳವು ಮತ್ತು ನಿರ್ಲಕ್ಷ್ಯದಿಂದಾದ ಸಾವು ಎಂಬ ಕಲಮುಗಳಡಿ ಅಮುದಾಳನ್ನು ಬಂಧಿಸಲಾಯಿತು. ಬಂಧನದ ಸುದ್ದಿಯನ್ನು ಯಾರಿಗೆ ತಿಳಿಸಬೇಕು ಎಂಬ ಸಾಲು ಖಾಲಿ ಉಳಿಯಿತು.

3.45ಕ್ಕೆ ಡಾಕ್ಟರ್ ಜೆಯಕುಮಾರ್ ಬಂದರು. ಸಾವು ಸಂಭವಿಸಿದ್ದರಿಂದ ಪರೀಕ್ಷೆ ನಡೆಸುವವರು ಆ ಒಂದು ನಂಬರಿನ ಗುಟ್ಟನ್ನು ಬಿಡಿಸಿದ್ದರು. ಅವರು ಕಾಗದವನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟರು.

"ಹನ್ನೊಂದು, ಪಿಷ್ಟ."

"ಅಂದರೆ ಚಿನ್ನತಂಬಿಗೆ..."

"ಮೊದಲಿನಿಂದಲೂ ಪಿಷ್ಟವೇ. ಅವನು ವಾಸಿಯಾಗಿದ್ದು ಅದರಿಂದಲ್ಲ. ಎಂಟೆಂಟು ಗಂಟೆ ಇಬ್ಬರು ಕೂತು ಕೇಳಿದ್ದರಿಂದ ಇರಬೇಕು. ನನಗೆ ಗೊತ್ತಿಲ್ಲ ಮೇಡಮ್." ಅವರು ಕನ್ನಡಕ ತೆಗೆದರು. "ಅವಳು ಮದ್ದಿಲ್ಲದೆ ಗಾಯ ಬಿಚ್ಚಿದಳು. ಮುಚ್ಚೋದು ಅವಳಿಗೆ ಯಾರೂ ಕಲಿಸಿರಲಿಲ್ಲ. ನಾನು ಅವಳಣ್ಣನನ್ನು ಬೇರೆ ಊರಿನ ಆಸ್ಪತ್ರೆಗಾದರೂ ಬರೆದು ಕಳಿಸಬಹುದಿತ್ತು."

ಮುತ್ತುಸೆಲ್ವಿಯ ತಲೆಯಲ್ಲಿ ಹಿಂದಿನ ದಿನದ 12.50 ಇತ್ತು. ಚಹಾದ ಲೋಟ ಕೈಯಲ್ಲಿ ಹಿಡಿದು ಆ ಕರುವನ್ನು ನೋಡುತ್ತ ನಿಂತದ್ದು.

ಮಧುರೆಯ ಜೈಲಿಗೆ ಕಳಿಸುವ ಮೊದಲು ಅಮುದಾ ಕೇಳಿದಳು. "ಮದ್ದು ಜಾಸ್ತಿ ಆಗೋಯ್ತಾ ಅಮ್ಮಾ?"

ಆರೋಪಪಟ್ಟಿಯಲ್ಲಿ ಹೇಗೂ ಬರುತ್ತದೆ. ಅಪರಿಚಿತ ವಕೀಲನ ಬಾಯಲ್ಲಿ ಕೇಳುವುದಕ್ಕಿಂತ ಈಗ ಕೇಳುವುದು ಮೇಲು. "ಅದರಲ್ಲಿ ಮದ್ದೇ ಇರಲಿಲ್ಲ ಅಮುದಾ. ಚಿನ್ನತಂಬಿಗೂ ಇರಲಿಲ್ಲ. ಅವನ ಮಾತನ್ನ ಕೂತು ಕೇಳಿದರು, ಅಷ್ಟೇ."

"ನಾನೂ ಕೇಳ್ದೆ," ಎಂದಳು ಅಮುದಾ.

ಜೀಪಿನ ಹತ್ತಿರ ಹೋದವಳು ತಿರುಗಿ ನಿಂತಳು. "ಕರು ಅಲ್ಲೇ ಅದೆ. ಹರಕೆ ತೀರಿಸದೆ ಬಿಟ್ರೆ ದೋಸ. ಅಣ್ಣನಿಗೆ ನಿದ್ದೆ ಬಂದ್ರೆ ಬಿಡ್ತೀನಿ ಅಂದಿದ್ದೆ. ಬಂತಲ್ಲ. ಭಾನುವಾರದೊಳಗೆ ಬಿಡಬೇಕು. ಹರಕೆ ಹೊತ್ತೋಳು ಬರಕಾಗದಿದ್ರೆ ನಮ್ಮೋರೇ ಬಿಡಬೇಕು, ನಮ್ಮ ಮಾತಲ್ಲೇ ಯೋಳಬೇಕು. ನೀವು ನಮ್ಮೋರಲ್ಲವಾ?"

"ನಾನು ಬಿಡ್ತೀನಿ," ಎಂದಳು ಮುತ್ತುಸೆಲ್ವಿ. ಠಾಣೆಯ ಡೈರಿಯಲ್ಲಿ ಅದನ್ನು ಬರೆಯಲಿಲ್ಲ.

ನವೆಂಬರ್ 16, ಭಾನುವಾರ. ಮುತ್ತುಸೆಲ್ವಿ ಸೀರೆಯುಟ್ಟು, ಚಪ್ಪಲಿ ಬಿಟ್ಟು, ಕರುವಿನ ಹಗ್ಗ ಹಿಡಿದಳು. ಪಾಂಡಿಯರಾಜನ್ ಹಿಂದೆ ನಡೆದ. ದಾರಿಯಲ್ಲಿ ಒಮ್ಮೆ, "ಆರೋಪಿಯ ಕರು ಕೈದಿಯ ಕರುವಲ್ಲವಾ ಮೇಡಮ್, ಕೈಕೋಳ ಬೇಡವಾ?" ಎಂದ. ಅವಳು ತಿರುಗದೆ ಮುಂದೆ ನಡೆದಳು.

ದೇವರ ದನದ ದೊಡ್ಡಿಯ ಬಾಗಿಲಲ್ಲಿ ಮುದುಕಿ ವೆಳ್ಳೈಯಮ್ಮಾಳ್ ಕೂತಿದ್ದಳು. ಅಗಳಿಯ ಮೇಲೆ ಕೈಯಿಟ್ಟು, ಎದ್ದೇಳದೆ ಕೇಳಿದಳು.

"ಯಾರ ಕರು?"

ಮುತ್ತುಸೆಲ್ವಿಗೆ ನಾಲಿಗೆ ತಡವರಿಸಿತು. ಆ ಮಾತಿನಲ್ಲಿ ಅವಳು ಗಟ್ಟಿಯಾಗಿ ಮಾತಾಡಿ ಎಷ್ಟೋ ವರ್ಷವಾಗಿತ್ತು.

"ಅಮುದಾಳ ಕರು. ಬಾಲಮುರುಗನ್ ತಂಗಿ."

"ಏನು ಬೇಡಿದ್ಲು?"

"ಅಣ್ಣಂಗೆ ನಿದ್ದೆ."

"ಇಲ್ಲಿ ಸುಳ್ಳು ಯೋಳಬಾರ್ದು ಮಗ. ಬಂತಾ?"

ಹಸುಗಳು ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಪಾಂಡಿಯರಾಜನ್ ಬೇರೆ ಕಡೆ ನೋಡಿದ.

"ಮನಗವ್ನೆ," ಎಂದಳು ಮುತ್ತುಸೆಲ್ವಿ.

ಮುದುಕಿ ಅಗಳಿ ತೆಗೆದಳು. ಮುತ್ತುಸೆಲ್ವಿ ಬಗ್ಗಿ ಹಳದಿ ಗಂಟನ್ನು ಬಿಚ್ಚಿದಳು, ಹಗ್ಗವನ್ನೂ ಬಿಚ್ಚಿದಳು. ಕರು ಒಂದು ಸಲ ಹಿಂದಿರುಗಿ ನೋಡಿ, ಹಿಂಡಿನೊಳಕ್ಕೆ ನಡೆಯಿತು.