ಎಡೆಗೆ ಎರಡು ಕೆರಿಯಾ

"ಹೂಂ ಅವ್ವಾ, ಲೈನಿನ್ಯಾಗ ನಿಂತೀನಿ. ತಗೊಂಡ ಬರ್ತೀನಿ, ನೀ ಚಿಂತಿ ಮಾಡಬ್ಯಾಡ."

ಬೆನ್ನ ಹಿಂದೆ ಫೋನಿನಲ್ಲಿ ಮಾತಾಡುತ್ತಿದ್ದ ಆ ದನಿಗೆ ನಿವೇದಿತಾಳ ಕೈಯಲ್ಲಿದ್ದ ಸ್ಟೀಲ್ ಡಬ್ಬಿ ಜಾರುವುದರಲ್ಲಿತ್ತು. ಅವಳು ತಿರುಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಅನಿಕೇತ!

ಪರದೇಶದ ಆ ಕ್ಯಾಂಪ್‌ಬೆಲ್ ಊರಿನ ಭಾನುವಾರದ ಸಂತೆಯಲ್ಲಿ ಎಲ್ಲಕ್ಕಿಂತ ಉದ್ದದ ಸಾಲು ಮಲಯ ಹೆಂಗಸು ರೋಹಾನಾಳ ಅಂಗಡಿಯದು. ಬೇಯಿಸಿದ ಸಿಹಿಗೆಣಸನ್ನು ನಾದಿ, ವಡೆಯಂತೆ ನಡುವೆ ತೂತು ಮಾಡಿ ಕರಿಯುತ್ತಾಳೆ. ಆಮೇಲೆ ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾಳೆ. ಪಾಕ ಒಣಗಿ ಬಿಳಿ ಪೊರೆ ಕಟ್ಟುವವರೆಗೂ ಯಾರಿಗೂ ಕೊಡುವುದಿಲ್ಲ. ಅವಸರ ಮಾಡಿದವರನ್ನು ನೋಡಿ ಸುಮ್ಮನೆ ನಗುತ್ತಾಳೆ. ಅದರ ಹೆಸರು ಕೆರಿಯಾ.

ಮೊಬೈಲಿನಲ್ಲಿ ನೋಡಿ, ತಿನ್ನಲೇಬೇಕೆಂದು ಹಟ ಹಿಡಿದವಳು ಒಂದೇ ಮನೆಯಲ್ಲಿ ಜೊತೆಗಿರುವ ಗೆಳತಿ ಗಾರ್ಗಿ. ನಿವೇದಿತಾಳನ್ನು ಸಾಲಿಗೆ ಹಚ್ಚಿ, ತಾನು ಕಾರಿನಲ್ಲಿ ಕುಳಿತಿದ್ದಳು.

"ಆರಾಮಿದೀರೇನು?" ಎಂದ ಅನಿಕೇತ.

ನೀನು ಎನ್ನುತ್ತಿದ್ದವನು ಈಗ ನೀವು ಎನ್ನುತ್ತಿದ್ದಾನೆ...

"ಕಾಣಾಕತ್ತೇತಲ್ಲ."

ಅವನ ಕಣ್ಣು ಡಬ್ಬಿಯ ಮೇಲಿತ್ತು. ಮುಚ್ಚಳದ ಮೇಲೆ ಅವಳ ಅಜ್ಜಿಯ ಹೆಸರು ಕೊರೆದಿತ್ತು: ಗುರುಬಸವ್ವ.

ಹೋದ ವರ್ಷ ಅದೇ ಡಬ್ಬಿಯ ತುಂಬ ಕರಿಗಡಬು ಮಾಡಿಕೊಟ್ಟು ನಿವೇದಿತಾ ಅವನಿಗೆ ಹೇಳಿದ್ದಳು: "ಖಾಲಿ ಡಬ್ಬಿ ತಿರುಗಿ ಕೊಡಬಾರದು ಅಂತ ನಿಮ್ಮ ಮನ್ಯಾಗೂ ಐತಲ್ಲ? ನನ್ನ ಮದುವಿ ಆಗೂ ಮನಸಿದ್ರ ಏನರ ಸಿಹಿ ತುಂಬಿ ಕಳಸು. ಒಲ್ಲೆ ಅಂದ್ರ ಖಾಲಿ ಕಳಸು. ನಾ ತಿಳಕೋತೀನಿ."

ಡಬ್ಬಿ ಬಂತು. ಅನಿಕೇತನ ಆಫೀಸಿನಲ್ಲೇ ಕೆಲಸ ಮಾಡುವ ಗಾರ್ಗಿ ತಂದು ಅಡುಗೆಮನೆಯಲ್ಲಿಟ್ಟಳು. ತೊಳೆದು ಒರೆಸಿದ, ಫಳಫಳ ಹೊಳೆಯುವ, ಖಾಲಿ ಡಬ್ಬಿ!

ಸ್ವಲ್ಪ ದಿನಕ್ಕೇ ಅನಿಕೇತನ ಅಪ್ಪ ಶಿವರುದ್ರಪ್ಪ ತೀರಿಕೊಂಡರು. ಫ್ರೀಮಾಂಟಿನ ಅವರ ಮನೆಗೆ ಕನ್ನಡದವರೆಲ್ಲ ಹೋಗಿ ಮಾತಾಡಿಸಿ ಬಂದರು. ನಿವೇದಿತಾ ತಲೆನೋವೆಂದು ಬಾಗಿಲು ಹಾಕಿಕೊಂಡಳು.

"ಅಪ್ಪ ಹೋದಾಗ ಗುರ್ತಿಲ್ಲದವರೂ ಬಂದ್ರು," ಎಂದ ಅವನು. "ನೀವು ಬರಲಿಲ್ಲ."

"ನಿಮ್ಮ ಉತ್ತರ ಸಿಕ್ಕ ಮ್ಯಾಲೆ ನಿಮ್ಮ ಮನ್ಯಾಗ ನನಗೇನ ಕೆಲಸ?"

"ಉತ್ತರ ಸಿಕ್ಕೂ ಬರಲಿಲ್ಲ ಅಂದ್ರ... ಎಂಥಾ ಕಲ್ಲದೀರಿ ನೀವು!"

"ಕಲ್ಲ ಮಾಡಿದವರು ಹೇಳೂ ಮಾತಲ್ಲ ಇದು."

ಸಾಲು ಸರಿಯಿತು. ನಿವೇದಿತಾಳ ಸರದಿ ಬಂದಾಗ ರೋಹಾನಾ ಕೈ ಎತ್ತಿ, "ಲಾಸ್ಟ್ ಟ್ರೇ!" ಎಂದು ಕೂಗಿದಳು. ಹಿಂದಿದ್ದವರೆಲ್ಲ ಗೊಣಗಿದರು.

ಅನಿಕೇತ ಒಂದು ಹೆಜ್ಜೆ ಮುಂದೆ ಬಂದ. ನೀವು ಎನ್ನುವುದು ಅವನ ಬಾಯಿಂದ ಜಾರಿಹೋಗಿತ್ತು.

"ನಿವೇದಿತಾ... ಎರಡ ಬಿಡು ಸಾಕು. ನಾಳೆ ಅಪ್ಪನ ವರ್ಷದ ಎಡಿ. ಅಪ್ಪಗ ಇದು ಭಾಳ ಸೇರತಿತ್ತು."

ಕೊಟ್ಟುಬಿಡು, ಎಂದಿತು ಮನಸ್ಸು. ಆದರೆ ಆ ಖಾಲಿ ಡಬ್ಬಿಯ ಹೊಳಪು ಕಣ್ಣಿಗೆ ಚುಚ್ಚಿತು.

ಅವಳು ಡಬ್ಬಿಯನ್ನು ಮುಂದೆ ನೂಕಿ, ಇದ್ದುದನ್ನೆಲ್ಲ ಅದಕ್ಕೇ ಹಾಕಲು ಹೇಳಿದಳು. ರೋಹಾನಾ ಇಬ್ಬರ ಮುಖವನ್ನೂ ನೋಡಿದಳು, ಅನುಮಾನಿಸಿದಳು, ಕೊನೆಗೆ ತುಂಬಿದಳು.

"ಖಾಲಿ ಕೈಲೆ ಮನಿಗೆ ಹೋದ್ರ ಹೆಂಗ ಅನ್ನಸ್ತೈತಿ," ನಿವೇದಿತಾ ತಿರುಗಿ ಹೇಳಿದಳು, "ನೀವೂ ನೋಡ್ರಿ."

ಅವನು ಸಿಟ್ಟಾಗಬಹುದೆಂದು ಕಾದಳು. ಅವನು ಸಿಟ್ಟಾಗಲಿಲ್ಲ. ಪೆಟ್ಟು ತಿಂದ ಎತ್ತಿನ ಹಾಗೆ ಒಂದು ಗಳಿಗೆ ನಿಂತ. ಆಮೇಲೆ ಟ್ರೇನಿನ ಸ್ಟೇಷನ್ನಿನ ಕಡೆಗೆ ನಡೆದುಹೋದ.

ಗೆದ್ದೆ! ಎಂದುಕೊಂಡಳು. ಡಬ್ಬಿ ಕೈ ಸುಡುತ್ತಿತ್ತು.

ಕಾರಿನಲ್ಲಿ ಗಾರ್ಗಿ ಮುಚ್ಚಳ ತೆಗೆದು ಒಂದನ್ನು ಎತ್ತಿಕೊಂಡು ಕಚ್ಚಿದಳು. ಅವಳ ಕಣ್ಣು ಅರಳಿತು.

"ಏ, ಇದೇ ಕಣೇ! ಲಾಸ್ಟ್ ಇಯರ್ ಅನಿಕೇತ್ ನಿನ್ನ ಡಬ್ಬೀಲಿ ಕೊಟ್ಟಿದ್ನಲ್ಲ, ಸೇಮ್ ಟೇಸ್ಟು!"

"ಏನ್ ಕೊಟ್ಟಿದ್ದ?"

"ಡಬ್ಬಿ ತುಂಬ ಇದೇ. ಫ್ರೀವೇನಲ್ಲಿ ಜಾಮು, ಲಂಚೂ ಆಗಿರ್ಲಿಲ್ಲ. ಒಂದು ತಿಂದೆ, ಆಮೇಲೆ ಕೈ ನಿಲ್ಲಲೇ ಇಲ್ಲ. ಹೇಳೋಕೆ ನಾಚಿಕೆಯಾಗಿ ತೊಳೆದು ಇಟ್ಬಿಟ್ಟೆ." ಗಾರ್ಗಿ ನಕ್ಕಳು. "ಸ್ವೀಟು ತಾನೇ? ಯಾಕೇ ಹಾಗೆ ನೋಡ್ತೀಯ... ನಿವಿ? ನಿವಿ!"

ನಿವೇದಿತಾ ಡಬ್ಬಿ ಕಸಿದುಕೊಂಡು ಓಡುತ್ತಿದ್ದಳು.

ಸ್ಟೇಷನ್ನಿನ ಬೆಂಚಿನ ಮೇಲೆ ಅವನು ಕೈ ಕಟ್ಟಿಕೊಂಡು ಕುಳಿತಿದ್ದ. ಮುಂದೆ ನಿಂತು ಏದುಸಿರಿನಲ್ಲೇ ಎಲ್ಲ ಹೇಳಿದಳು. ಅನಿಕೇತ ನಕ್ಕ. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ಆವತ್ತ ರವಿವಾರ ಇದ್ರೂ ನನಗ ರಜಾ ಸಿಗಲಿಲ್ಲ. ಅಪ್ಪ ತಾನ ಬಂದು ಲೈನಿಗೆ ನಿಂತಿದ್ದ. ಮೊಣಕಾಲ ನೋವು, ಮ್ಯಾಲೆ ಬಿಸಲು. ತಾ ಒಂದೂ ಬಾಯಾಗ ಹಾಕಿಕೊಳ್ಳಲಿಲ್ಲ. 'ಹುಡುಗಿಗೆ ಕೊಡೂದು, ಡಬ್ಬಿ ಭರ್ತಿ ಇರ್ಲಿ' ಅಂದ."

ನಿವೇದಿತಾ ಬಾಯಿಗೆ ಸೆರಗಿನಂತೆ ದುಪಟ್ಟಾ ಒತ್ತಿಕೊಂಡಳು.

"ಆಸ್ಪತ್ರ್ಯಾಗೂ ಅದನ್ನ ಕೇಳಿದ. 'ಆ ಹುಡುಗಿ ಏನಂದ್ಲಪಾ?' ನಾ ಏನ ಹೇಳಲಿ? ನಿದ್ದಿ ಬಂದವರಂಗ ಕಣ್ಣ ಮುಚ್ಚಿದೆ."

ಕ್ಷಮಿಸು ಎನ್ನುವ ಮಾತು ತನಗೇ ಸಣ್ಣದೆನಿಸಿತು. ಗಾರ್ಗಿ ತಿಂದದ್ದು ಹಸಿವಿನಿಂದ. ತಾನು ಇವತ್ತು ಮಾಡಿದ್ದು?

ಅವಳು ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು.

"ನೀ ಎರಡ ಕೇಳಿದ್ದಿ... ನಾ ಕೊಡಲಿಲ್ಲ."

ಅವನು ಮುಚ್ಚಳದ ಮೇಲಿನ ಹೆಸರಿನ ಮೇಲೆ ಬೆರಳಾಡಿಸಿದ. ದೂರದಲ್ಲಿ ಟ್ರೇನಿನ ಗಂಟೆ ಕೇಳಿಸಿತು.

"ಎಂಜಲಾಗೇತೇನು?"

"ಇಲ್ಲ. ಗಾರ್ಗಿ ಒಂದ ತಗೊಂಡಾಳ. ಉಳಿದವನ್ನ ಯಾರೂ ಮುಟ್ಟಿಲ್ಲ."

ಅವನು ಡಬ್ಬಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡ.

"ಡಬ್ಬಿ ಯಾವಾಗ ತಿರುಗಿ ಕೊಡಲಿ?"

"ಕಳಸಬ್ಯಾಡ... ಯಾರ ಕೈಯಾಗೂ ಕಳಸಬ್ಯಾಡ!" ಎಂದಳು ಅವಳು. "ನಾನ ಬರ್ತೀನಿ. ನಿಮ್ಮ ಅಪ್ಪನ ಎಡಿ ಮುಂದ ಕುಂತು ಒಂದ ಮಾತ ಹೇಳೂದೈತಿ."

"ಏನಂತ?"

"ಹೂಂ ಅಂದ್ಲು ಅಂತ."

ಟ್ರೇನು ಬಂದು ನಿಂತಿತು. ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು, ಅನಿಕೇತ ಇನ್ನೊಂದು ಕೈ ಚಾಚಿದ.

"ಹಂಗಾದ್ರ ಲಗೂ ಹತ್ತು, ನಿವಿ... ಅಪ್ಪ ಒಂದ ವರ್ಷದಿಂದ ಕಾಯಾಕತ್ತಾನ."