ಕಡಲು ಕೇಳಿಸಿದ ಅರ್ಧ ಗಂಟೆ

ಹಡಗಿನ ತಳಕ್ಕೆ ಅಂಟಿಸಿದ್ದ ‘ತಳಗಿವಿ’ ಎಂಬ ಯಂತ್ರ ಕಡಲಿನ ಸದ್ದು ಕೇಳುತ್ತ ಪರದೆಯ ಮೇಲೆ ದಾರಿ ಬರೆಯುತ್ತಿತ್ತು. ಲಕ್ಷದ್ವೀಪದಿಂದ ಇನ್ನೂರು ಜನರನ್ನು ಹೊತ್ತು ಗಂಗೊಳ್ಳಿ ಬಂದರಿಗೆ ಬರುತ್ತಿದ್ದ ಹಡಗು ಅದು. ಸೂರ್ಯನಲ್ಲೆದ್ದ ಬಿರುಗಾಳಿ ಹಿಂದಿನ ದಿನವೇ ಉಪಗ್ರಹಗಳ ಬಾಯಿ ಕಟ್ಟಿತ್ತು. ಆದರೂ ಕ್ಯಾಪ್ಟನ್ ಹಮ್ಜಾ ಕೋಯ ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದರು.

ತಳಗಿವಿಯ ಗುಟ್ಟು ಸರಳ. ಕಡಲಡಿಯ ಬಂಡೆಗಳ ಸಂದಿಯಲ್ಲಿ ಒಂದು ಜಾತಿಯ ಸಣ್ಣ ಸಿಗಡಿ ಇರುತ್ತದೆ. ಅದು ತನ್ನ ಇಕ್ಕಳದಂಥ ಕಾಲನ್ನು ಪಟ್ಟನೆ ಮುಚ್ಚಿದರೆ ಒಗ್ಗರಣೆಯ ಸಾಸಿವೆ ಸಿಡಿದಂತೆ ಸದ್ದಾಗುತ್ತದೆ. ಮರಳಿನ ತಳದಲ್ಲಿ ಈ ಚಟಪಟ ಇಲ್ಲ. ಆ ಸದ್ದಿನ ನಕ್ಷೆಯಿದ್ದರೆ ನೀರಡಿಯ ಕಲ್ಲು ಎಲ್ಲಿದೆಯೆಂದು ತಿಳಿಯಬಹುದು. ಹಿಂದಿನವರು ಸೀಸದ ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ ಇಳಿಸಿ, ಅಂಟಿಕೊಂಡು ಬಂದದ್ದು ಮರಳೋ ಕೆಸರೋ ಎಂದು ನೋಡಿ ಮುಂದುವರಿಯುತ್ತಿದ್ದರು. ಆಮೇಲೆ ದಿಕ್ಸೂಚಿ, ದೀಪಸ್ತಂಭ, ಉಪಗ್ರಹ ಎಲ್ಲ ಬಂದವು. ಕಡಲನ್ನೇ ಕೇಳೋಣ ಎಂದು ಹೊರಟವಳು ಗಂಗೊಳ್ಳಿಯ ವಿಜ್ಞಾನಿ ಮನ್ವಿತಾ ಮೊಗವೀರ.

ದಡ ಹತ್ತಿರವಾದಾಗ ಪರದೆ ಬರಿದಾಯಿತು. ಮಳೆ ಜಡಿಯುತ್ತಿತ್ತು, ಗಾಳಿ ಹಡಗನ್ನು ಅಳಿವೆಯ ಬಾಯಿಯ ಮುಳುಗುಬಂಡೆಗಳತ್ತ ತಳ್ಳುತ್ತಿತ್ತು. ನೀರಡಿಯ ಕಲ್ಲು ರಾಡಾರಿಗೂ ಕಾಣದು.

ಕ್ಯಾಪ್ಟನ್ ಸುದ್ದಿ ತಿಳಿಸಿದೊಡನೆ ಬಂದರಿನ ವೈರ್‌ಲೆಸ್ ಕೋಣೆಯಲ್ಲಿದ್ದ ಮನ್ವಿತಾಳಿಗೆ ಕಾರಣ ಹೊಳೆಯಿತು. ನಕ್ಷೆಗೆ ಬೇಕಾದ ಸದ್ದನ್ನೆಲ್ಲ ಅವಳು ದಾಖಲಿಸಿದ್ದು ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ. ಆಗ ಮಾವನ ದೋಣಿ ಬಿಡುವಾಗಿರುತ್ತಿತ್ತು, ಬಿಟ್ಟಿಯಾಗಿ ಸಿಗುತ್ತಿತ್ತು; ಕಡಲಲ್ಲಿ ಬೇರೆ ದೋಣಿಗಳೇ ಇರುತ್ತಿರಲಿಲ್ಲ. ಮೀನುಗಾರರ ಮನೆಯ ಹುಡುಗಿಯೇ ಮಾಡಬಹುದಾದ ತಪ್ಪು! ಅಷ್ಟೊಂದು ಎಂಜಿನ್ನುಗಳ ಗದ್ದಲವೆಂದರೇನೆಂದು ತಳಗಿವಿಗೆ ಯಾರೂ ಹೇಳಿಕೊಟ್ಟಿರಲೇ ಇಲ್ಲ. ಇವತ್ತಾದರೋ ಆ ವರ್ಷದ ಮೊದಲ ದೊಡ್ಡ ಬಂಗುಡೆ ಮೀನಿನ ಹಿಂಡು ಬಂದು, ಊರಿನ ದೋಣಿಗಳೆಲ್ಲ ಕಡಲಲ್ಲಿದ್ದವು.

ದೋಣಿಗಳ ಸಂಘದ ಅಧ್ಯಕ್ಷ ಸುಧಾಕರ ಖಾರ್ವಿ ಆ ಗುಂಪಿನಲ್ಲೇ ಇದ್ದರು. ಅವಳು ವೈರ್‌ಲೆಸ್ಸಿನಲ್ಲಿ ಕರೆದು, ತನ್ನ ತಪ್ಪನ್ನೂ ಮುಚ್ಚಿಡದೆ ಹೇಳಿದಳು.

“ಸುಧಾಕರಣ್ಣ, ಎಲ್ಲ ಎಂಜಿನ್ ನಿಲ್ಸುಕ್ ಆತ್ತಾ? ಅರ್ಧ ಗಂಟೆ ಸಾಕ್.”

ಬಲೆಗಳು ಅರ್ಧ ಮೇಲೆ ಬಂದಿದ್ದವು. ಎಂಜಿನ್ ನಿಂತರೆ ಬಲೆ ಎಳೆಯುವ ಯಂತ್ರವೂ ನಿಲ್ಲುತ್ತದೆ, ಮೀನು ಕೆಳಗಿನಿಂದ ಜಾರಿಹೋಗುತ್ತದೆ. ಅದು ಅವಳಿಗೂ ಗೊತ್ತಿತ್ತು.

“ಮೀನ್ ನಾಳಿಗೂ ಸಿಕ್ಕತ್ತ್,” ಎಂದರು ಸುಧಾಕರ. “ಹೋದ್ ಜನ ಬತ್ರಾ? ನಿಲ್ಸುವ.”

ಮಾತು ದೋಣಿಯಿಂದ ದೋಣಿಗೆ ಹೋಯಿತು. ಒಂದೊಂದಾಗಿ ಎಂಜಿನ್‌ಗಳು ಸುಮ್ಮನಾದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಂಗುಡೆ ಬೆಳ್ಳಗೆ ಹೊಳೆಯುತ್ತ ತಿರುಗಿ ನೀರಿಗಿಳಿಯಿತು. ಹಡಗಿನ ಪರದೆಯಲ್ಲಿ ಮೊದಲು ಒಂದು ಚುಕ್ಕೆ ಮೂಡಿತು, ಆಮೇಲೆ ಬಂಡೆಗಳ ಸಾಲು. ಹಮ್ಜಾ ಕೋಯ ಮೆಲ್ಲಗೆ ಚುಕ್ಕಾಣಿ ತಿರುಗಿಸಿ ಸಂದಿಯಲ್ಲಿ ಹಡಗನ್ನು ಒಳಗೆ ತಂದರು.

ಜೆಟ್ಟಿಯಲ್ಲಿ ಕ್ಯಾಪ್ಟನ್ ಖಾಲಿ ದೋಣಿಗಳಿಂದ ಇಳಿದವರನ್ನೆಲ್ಲ ಒಬ್ಬೊಬ್ಬರಾಗಿ ತಬ್ಬಿಕೊಂಡರು. ಮನ್ವಿತಾ ಕೈ ಮುಗಿದು ನಿಂತಿದ್ದಳು. ಇವತ್ತು ಸಾರು ಮಾಡಲು ಮೀನಿಲ್ಲ, ವಿಜ್ಞಾನಿಗಳೇ ಏನಾದರೂ ಕಂಡುಹಿಡಿಯಲಿ ಎಂದು ಸುಧಾಕರ ಛೇಡಿಸಿದಾಗ ಅವಳಿಗೆ ನಗುವಿನ ಜೊತೆ ಅಳುವೂ ಬಂತು.

ಎಂಜಿನ್ ಸದ್ದನ್ನು ಸೋಸುವ ತಳಗಿವಿಯನ್ನು ಅವಳು ಬೇಗನೆ ಮಾಡಿದಳು. ಅದನ್ನು ಹಿಡಿದು ದೊಡ್ಡ ಬಂದರುಗಳಿಗೆ ಹೋದಾಗ ಬೇರೊಂದು ಸಂಗತಿ ತಿಳಿಯಿತು. ಸೋಸಿದ ಮೇಲೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ಎಣ್ಣೆ, ಕೊಳಕು ಬಿದ್ದು ಸಿಗಡಿಗಳು ಸತ್ತು ಬಂಡೆಗಳು ಬರಿದಾಗಿ ಎಷ್ಟೋ ಕಾಲವಾಗಿತ್ತು. ಗಂಗೊಳ್ಳಿಯ ಕಲ್ಲುಗಳನ್ನು ಅಷ್ಟು ವರ್ಷ ಹಾಳುಗೆಡವದೆ ಬಿಟ್ಟವರಿಗೂ ಆ ಇನ್ನೂರು ಜನ ಋಣಿಗಳು ಎಂದು ಅವಳಿಗೆ ಅನಿಸಿತು.

ಹಾಗೆ ಬಿಟ್ಟವರು ಯಾರು ಎನ್ನುತ್ತೀರೋ? ಅವಳು ಹುಟ್ಟುವ ಮೊದಲಿನವರು, ಅಂದರೆ ಇಂದಿನ ನಾವು; ಅವಳಿನ್ನೂ ಹುಟ್ಟಬೇಕಷ್ಟೆ. ಆ ಸಿಗಡಿಗಳು ಈಗಲೂ ಅಲ್ಲಿ ಚಟಪಟಿಸುತ್ತಿವೆ.